ದೊಡ್ಡಮ್ಮನ ಮನೆಯಲ್ಲಿ ಜಾಗವಿಲ್ಲ

ಕಾಲೇಜು ಶುರುವಾಗಲು ಎಲ್ಲವೂ ಸಿದ್ಧವಾಗಿತ್ತು. ಒಂದು ಬಾಯಿ ಮಾತ್ರ ಸಿದ್ಧವಿರಲಿಲ್ಲ.

ಆ ಬಾಯಿ ಬುಗುರಿಯದು. ಮೂರು ತುಂಬಿದ ಈ ಮಗುವಿಗೆ ಹುಟ್ಟಿದಾಗ ಇಟ್ಟ ಚೆಂದದ ಹೆಸರೊಂದಿತ್ತು. ಆದರೆ ಊಟದ ಬಟ್ಟಲು ಕಂಡೊಡನೆ ಮಂಚ, ಕುರ್ಚಿ, ಬಟ್ಟೆ ಒಣಗಿಸುವ ಸ್ಟ್ಯಾಂಡು ಎಲ್ಲದರ ಸುತ್ತ ಗಿರಗಿರನೆ ತಿರುಗುತ್ತಿದ್ದುದರಿಂದ ಆ ಹೆಸರು ಲಸಿಕೆಯ ಕಾರ್ಡಿನಲ್ಲಷ್ಟೇ ಉಳಿದಿತ್ತು. ಬುಗುರಿಯನ್ನು ನಿಲ್ಲಿಸುವ ಸಾಧನ ಜಗತ್ತಿನಲ್ಲಿ ಒಂದೇ: ಕಥೆ. ಕಥೆ ನಡೆಯುವಷ್ಟು ಹೊತ್ತು ಬಾಯಿ ತೆರೆದಿರುತ್ತಿತ್ತು. ಕಥೆ ನಿಂತರೆ ಅಂಗಡಿಯ ಶಟರ್ ಎಳೆದಂತೆ ಮುಚ್ಚಿಕೊಳ್ಳುತ್ತಿತ್ತು. ಒಳಗೆ ಸಿಕ್ಕಿಕೊಂಡ ತುತ್ತು ಎಡಗೆನ್ನೆಯಲ್ಲಿ ಸಂಜೆಯವರೆಗೆ ವಾಸ್ತವ್ಯ ಹೂಡುತ್ತಿತ್ತು.

ಬುಗುರಿಯ ತಾಯಿ ಬಿ.ಎ.ಯಲ್ಲಿ ಇಂಗ್ಲಿಷ್ ಮೇಜರ್ ವಿದ್ಯಾರ್ಥಿನಿ. (ಹಾಗೆಂದು ಅವಳು ಹಾಲು ತರುವವನಿಗೂ ಹೇಳಿದ್ದಳು. ಅವನು "ನಾಳೆಯಿಂದ ಅರ್ಧ ಲೀಟರ್ ಕಡಿಮೆ ಸಾಕಾ?" ಎಂದಷ್ಟೇ ಕೇಳಿದ್ದ.) ಮೊದಲ ವರ್ಷ ಮುಗಿಯುವ ಹೊತ್ತಿಗೆ ಬುಗುರಿ ಬಂದಳು, ಓದು ನಿಂತಿತು. ಈಗ ಎರಡನೇ ವರ್ಷಕ್ಕೆ ಸೇರಿಸಿಕೊಳ್ಳಲು ಕಾಲೇಜಿನವರು ಒಪ್ಪಿದ್ದರು, ಒಂದು ಷರತ್ತಿನ ಮೇಲೆ. ನಡುವೆ ಬಿಟ್ಟು ಬಂದವಳು ಉಳಿದವರ ಸಮಕ್ಕೆ ಓದಬಲ್ಲಳೆಂದು ಕಾದಂಬರಿ ಪಾಠದ ಮೇಡಂಗೆ ಮನವರಿಕೆಯಾಗಬೇಕು. ಆಗದಿದ್ದರೆ ಮತ್ತೆ ಮೊದಲ ವರ್ಷದ ಬೆಂಚು.

ಉತ್ಸಾಹಕ್ಕೇನೂ ಬರವಿರಲಿಲ್ಲ. ರಜೆಯಲ್ಲೇ ಪಠ್ಯಗಳನ್ನೆಲ್ಲ ತಂದು ರಟ್ಟು ಹಾಕಿದ್ದಳು. ಪೆನ್ಸಿಲುಗಳನ್ನು ಚೂಪು ಮಾಡಿದ್ದಳು. ಆಮೇಲೆ, ಮಗು ಎಲ್ಲಿ ಕಣ್ಣಿಗೆ ಚುಚ್ಚಿಕೊಂಡೀತೋ ಎಂಬ ಭಯಕ್ಕೆ ಅವನ್ನೆಲ್ಲ ನೆಲಕ್ಕೆ ಉಜ್ಜಿ ಮೊಂಡು ಮಾಡಿದ್ದಳು.

"ಏನೇ ಇದು, ಓದೋಕೆ ಹೋಗ್ತಿದ್ದೀಯೋ, ಯುದ್ಧಕ್ಕೋ?" ಎಂದಿದ್ದ ಕನ್ನಡಕದಂಗಡಿ ಇಟ್ಟಿದ್ದ ಗಂಡ.

"ನಿಮಗೇನ್ರೀ, ಅಂಗಡಿಗೆ ಹೋಗ್ತೀರ, ಬರ್ತೀರ. ಮಗು ತಿಂತೋ ಬಿಡ್ತೋ ಅಂತ ಒಂದಿನ ಆದ್ರೂ ಕೇಳಿದ್ದೀರಾ?"

"ತಿಂತಾ?"

"ಇಲ್ಲ."

"ನೋಡು, ಅದಕ್ಕೇ ಕೇಳೋದಿಲ್ಲ."

ಕಷ್ಟವೆಂದರೆ, ಓದಲು ಅವಳಿಗೆ ಬಿಡುವೇ ಸಿಗುತ್ತಿರಲಿಲ್ಲ. ಬುಗುರಿಗೆ ಉಣಿಸುವ ಹೊತ್ತೊಂದನ್ನು ಬಿಟ್ಟರೆ ಅವಳು ಕೂತಿರುತ್ತಿದ್ದ ಹೊತ್ತೇ ಇಲ್ಲ. ಆಗಲೇ ಆ ದಿವ್ಯ ಉಪಾಯ ಹೊಳೆದದ್ದು. ಹೇಗೂ ಕಥೆ ಹೇಳಬೇಕು, ಹೇಗೂ ಕಾದಂಬರಿ ಓದಬೇಕು. ಪಠ್ಯವನ್ನೇ ಮಗುವಿಗೆ ಉಣಿಸಿದರಾಯಿತು! ಎಡಗೈಯಲ್ಲಿ ಇಟ್ಟಿಗೆಯಂಥ ಇಂಗ್ಲಿಷ್ ಕಾದಂಬರಿ, ಬಲಗೈಯಲ್ಲಿ ಚಮಚ. ಕಾದಂಬರಿ ಒಬ್ಬ ಗಡಿಯಾರ ರಿಪೇರಿಯವನ ಮಗಳದು. ಒಂದು ಪ್ಯಾರಾ ಓದುವುದು, ಕನ್ನಡಕ್ಕಿಳಿಸುವುದು, ಒಂದು ಚಮಚ ತುರುಕುವುದು. ಬುಗುರಿ ಕಣ್ಣರಳಿಸಿ ತಿಂದಳು. ತಾಯಿ ಬೆನ್ನು ತಟ್ಟಿಕೊಂಡಳು.

ಎರಡನೇ ಅಧ್ಯಾಯದಲ್ಲಿ ಗಡಿಯಾರದವನು ಸತ್ತ.

"ಸತ್ತೋಗೋದು ಅಂದ್ರೇನಮ್ಮ?" ಎಂದಳು ಬುಗುರಿ. ಶಟರ್ ಅರ್ಧ ಇಳಿದಿತ್ತು.

ತಾಯಿ ಪುಸ್ತಕ ಮಡಚಿದಳು. ಬುಗುರಿಯ ತಾತ ಹೋಗಿ ವರ್ಷ ತುಂಬಿರಲಿಲ್ಲ. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಮಗು ಕೇಳಿರಲಿಲ್ಲ, ಇವರು ಹೇಳಿರಲಿಲ್ಲ. ಈಗ ಅನ್ನದ ಬಟ್ಟಲೆದುರು ಕೂತು ಏನು ಹೇಳುವುದು? ಮಗು ಬೆಚ್ಚಿ ಬಿದ್ದರೆ? ಊಟವನ್ನೇ ಬಿಟ್ಟುಬಿಟ್ಟರೆ? (ಅವಳ ಮನಸ್ಸು ಆಗಲೇ ಮಕ್ಕಳ ಡಾಕ್ಟರ ಮನೆಯ ಮೆಟ್ಟಿಲು ಹತ್ತುತ್ತಿತ್ತು.)

"ಅಂದ್ರೆ... ಅವನು ದೊಡ್ಡಮ್ಮನ ಮನೆಗೆ ಹೋದ ಪುಟ್ಟ."

"ಓ," ಎಂದು ಬುಗುರಿ ಬಾಯಿ ತೆರೆದಳು.

ಆ ಕಾದಂಬರಿ ಬರೆದವರಿಗೆ ಪಾತ್ರಗಳನ್ನು ಸಾಕುವ ಮನಸ್ಸೇ ಇರಲಿಲ್ಲವೆಂದು ಅವಳಿಗೆ ಆಮೇಲೆ ತಿಳಿಯಿತು. ಹಡಗಿನ ಕ್ಯಾಪ್ಟನ್ ಮುಳುಗಿದ. ಕೆಮ್ಮುತ್ತಿದ್ದ ಅವಳಿ ಅಕ್ಕತಂಗಿಯರು ಒಬ್ಬರ ಹಿಂದೊಬ್ಬರು ಕೆಮ್ಮು ನಿಲ್ಲಿಸಿದರು. ಬಾಡಿಗೆ ವಸೂಲಿಯ ಮನೆಯೊಡತಿ ಮೆಟ್ಟಿಲಿನಿಂದ ಉರುಳಿದಳು. ಎಲ್ಲರನ್ನೂ ಬುಗುರಿಯ ತಾಯಿ ದೊಡ್ಡಮ್ಮನ ಮನೆಗೆ ಸಾಗಹಾಕಿದಳು.

ಕಾಲೇಜು ತೆರೆಯುವ ದಿನ ಹತ್ತಿರ ಬಂದಾಗ ಹೊಸ ಚಿಂತೆ ಹತ್ತಿತು: ಮಧ್ಯಾಹ್ನದ ಕಥೆ ಹೇಳುವವರು ಯಾರು? ಮನೆಯಲ್ಲಿ ಇರುವವರು ಅತ್ತೆಯೊಬ್ಬರೇ. ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ನಿವೃತ್ತರಾದವರು. ಲೈನು ಸೇರಿಸುವಾಗ ಕಿವಿಗೆ ಬಿದ್ದ ಅರ್ಧ ಮಾತಿಗೆ ಉಳಿದರ್ಧವನ್ನು ತಾವೇ ಕೂಡಿಸಿಕೊಂಡು ಮನೆಗೆ ಬಂದು ಗಂಡನಿಗೆ ಹೇಳುವುದು ಅವರ ಅಭ್ಯಾಸವಾಗಿತ್ತಂತೆ. ಕೇಳುವವರು ಹೋದ ಮೇಲೆ ಮಾತು ಕಡಿಮೆಯಾಗಿತ್ತು. ಸೊಸೆ ಅವರನ್ನು ಕೂರಿಸಿ ಅಲ್ಲಿಯವರೆಗಿನ ಕಥೆಯ ತರಬೇತಿ ಕೊಟ್ಟಳು. ಅತ್ತೆ ಕೈಕಟ್ಟಿ ಕೇಳಿದರು.

"ಅಲ್ಲಮ್ಮಾ, ಎಲ್ಲರೂ ಹೀಗೆ ಹಿಂಡು ಹಿಂಡಾಗಿ ಹೋಗ್ತಿದ್ರೆ ಆ ದೊಡ್ಡಮ್ಮನ ಗತಿ ಏನು? ಬಾತ್‌ರೂಮ್ ಎಷ್ಟಿದೆ ಅಲ್ಲಿ?"

"ಅತ್ತೆ, ದೊಡ್ಡಮ್ಮನ ಮನೆ ಅನ್ನೋದೇ ಇಲ್ಲ. ಅವರೆಲ್ಲ..." ಸೊಸೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಸತ್ತಿದ್ದಾರೆ."

"ಅದು ನಂಗೂ ಗೊತ್ತಾಯ್ತು. ನಾನು ಕೇಳಿದ್ದು ಬಾತ್‌ರೂಮ್ ಎಷ್ಟು ಅಂತ."

"ಒಂದು ಅಂತ ಇಟ್ಕೊಳ್ಳಿ."

"ಒಂದೇನಾ!" ಎಂದರು ಅತ್ತೆ. ಎಷ್ಟೋ ತಿಂಗಳ ಮೇಲೆ ಅವರ ಮುಖ ಸ್ವಲ್ಪ ಬೆಳಗಿತು. ಸೊಸೆ ಅದನ್ನು ಗಮನಿಸಲಿಲ್ಲ. ಕರವಸ್ತ್ರ, ಮದ್ದು, ಥರ್ಮಾಮೀಟರು, ಡಾಕ್ಟರ ನಂಬರು ಎಲ್ಲವನ್ನೂ ಟೇಬಲ್ಲಿನ ಮೇಲೆ ಸಾಲಾಗಿ ಜೋಡಿಸುವುದರಲ್ಲಿ ಅವಳು ಮುಳುಗಿದ್ದಳು.

ಕಾಲೇಜಿನ ಮೊದಲ ದಿನ ಅವಳು ಎಲ್ಲರಿಗಿಂತ ಮೊದಲು ಹೋಗಿ ಮುಂದಿನ ಬೆಂಚಿನಲ್ಲಿ ಕೂತಳು. ಪಕ್ಕದಲ್ಲಿ ಕುದುರೆಬಾಲ ಕಟ್ಟಿದ ಹುಡುಗಿಯೊಬ್ಬಳು ಬಂದು ಕೂತು, "ಆಂಟಿ, ಇಲ್ಲಿ ಪೋಷಕರು ಕೂರೋ ಹಾಗಿಲ್ಲ," ಎಂದಳು. ಆ ಅವಮಾನವನ್ನೂ ಅವಳು ನಗುತ್ತ ನುಂಗಿದಳು. ನುಂಗಲಾಗದ್ದು ಮಧ್ಯಾಹ್ನ ಕಾದಿತ್ತು. ಕಾರಿಡಾರಿನ ಕಿಟಕಿಯ ಬಳಿ ನಿಂತು ಮನೆಗೆ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಮತ್ತೆ ಮಾಡಿದಳು. ಇಲ್ಲ. ಜನ್ಮವಿಡೀ ಇತರರ ಕರೆಗೆ ಉತ್ತರ ಕೊಟ್ಟ ಅತ್ತೆ ಸೊಸೆಯ ಕರೆಗೆ ಉತ್ತರಿಸುತ್ತಿಲ್ಲವೆಂದರೆ? ಗಂಟಲಲ್ಲಿ ತುತ್ತು ಸಿಕ್ಕಿಕೊಂಡಿರಬೇಕು! ಯಾರ ಗಂಟಲಲ್ಲಿ ಎಂದು ಯೋಚಿಸುವಷ್ಟು ವ್ಯವಧಾನ ಅವಳಿಗಿರಲಿಲ್ಲ. ಮಧ್ಯಾಹ್ನದ ಕ್ಲಾಸು ಬಿಟ್ಟು ಆಟೋ ಹಿಡಿದು ಓಡಿದಳು.

ಬಾಗಿಲು ಓರೆಯಾಗಿತ್ತು. ಒಳಗಿನಿಂದ ಅತ್ತೆಯ ದನಿ.

"...ಆಗ ಕ್ಯಾಪ್ಟನ್ ಏನಂದ? 'ನಾನು ಸಮುದ್ರದಲ್ಲಿ ಮುಳುಗಿ ಬಂದೋನು, ನಂಗೆ ಸ್ನಾನ ಬೇಡ, ನೀವು ಮೊದಲು ಹೋಗಿ' ಅಂದ. ಆದ್ರೆ ಮನೆ ಓನರಮ್ಮ ಬಿಡ್ತಾಳಾ? ಬಾತ್‌ರೂಮ್ ಬಾಗಿಲಲ್ಲಿ ಕುರ್ಚಿ ಹಾಕ್ಕೊಂಡು ಬಾಡಿಗೆ ವಸೂಲಿಗೆ ಕೂತಿದ್ದಾಳೆ!"

ಬುಗುರಿ ಕಿಲಕಿಲ ನಗುತ್ತಿದ್ದಳು. ಬಟ್ಟಲು ಖಾಲಿ. ಎಡಗೆನ್ನೆಯೂ ಖಾಲಿ.

"ಅತ್ತೆ, ಫೋನ್..."

"ಕಥೆ ನಡೀವಾಗ ಫೋನ್ ಎತ್ತೋಕಾಗತ್ತೇನಮ್ಮ? ನಿನ್ನ ಮಗಳು ಬಾಯಿ ಮುಚ್ಚಿಬಿಡ್ತಾಳೆ. ನೀನ್ಯಾಕೆ ಇಷ್ಟು ಬೇಗ ಬಂದೆ?"

ಮಗು ತಿಂದಿದೆ ಎಂದು ಅವಳು ಸಂತೋಷ ಪಡಬೇಕಿತ್ತು. ಪಟ್ಟಳು ಕೂಡ, ಒಂದು ಚಮಚದಷ್ಟು.

ರಾಜ್ಯ ಕೈತಪ್ಪಿದೆ ಎಂದು ಗೊತ್ತಾದದ್ದು ಸಂಜೆಯ ಊಟದಲ್ಲಿ. ಅವಳು ಪುಸ್ತಕ ತೆರೆದು ಗಡಿಯಾರದವನ ಮಗಳು ಮಂಜಿನಲ್ಲಿ ನಡೆಯುವ ದೀರ್ಘ ವರ್ಣನೆಯನ್ನು ಎತ್ತಿಕೊಂಡಳು. ಬುಗುರಿ ತಲೆ ಅಲ್ಲಾಡಿಸಿದಳು.

"ಅದಲ್ಲಾ! ಗಡಿಯಾರದ ಮಾಮ ದೊಡ್ಡಮ್ಮನ ಮನೇಲಿ ಗಡಿಯಾರಾನ ಹಿಂದಕ್ಕೆ ಇಟ್ಬಿಟ್ಟಿದ್ದಾನೆ. ಅದಕ್ಕೇ ಯಾರಿಗೂ ಊಟದ ಹೊತ್ತೇ ಆಗ್ತಿಲ್ಲ. ಅದು ಹೇಳು."

"ಪುಸ್ತಕದಲ್ಲಿ ಹಾಗಿಲ್ಲ ಪುಟ್ಟ."

"ನಿನ್ನ ಪುಸ್ತಕ ಚೆನ್ನಾಗಿಲ್ಲ. ಅಜ್ಜಿ ಹೇಳ್ಲಿ."

ಹೀಗೆ ವಾರಗಳು ಕಳೆದವು. ಮಗುವಿಗೆ ಉಣಿಸುವ ಕೆಲಸ ತಪ್ಪಿದ ಮೇಲೆ ಕಾದಂಬರಿ ಓದುವ ಹೊತ್ತೂ ತಪ್ಪಿತು. ಕಡೆಯ ಭಾಗ ಹಾಗೇ ಉಳಿಯಿತು. ಅಡುಗೆಮನೆಯಲ್ಲಿ ಪಾತ್ರೆ ತಿಕ್ಕುತ್ತ ಅವಳ ಕಿವಿಗೆ ಬೀಳುತ್ತಿದ್ದದ್ದು ಅತ್ತೆಯ ಕಥೆಯೊಂದೇ. ಬೇಡವೆಂದರೂ ಕಿವಿ ಅಲ್ಲೇ ಇರುತ್ತಿತ್ತು. ಅವಳಿಗಳಲ್ಲಿ ದೊಡ್ಡವಳು ಅಡುಗೆಗೆ ನಿಂತಳಂತೆ, ಕ್ಯಾಪ್ಟನ್ ನೀರು ಹಿಡಿಯಲು ಒಪ್ಪಲಿಲ್ಲವಂತೆ.

ಒಂದು ಶುಕ್ರವಾರ ಕಾದಂಬರಿ ಪಾಠದಲ್ಲಿ ಮೇಡಂ ಅವಳನ್ನು ಎದ್ದು ನಿಲ್ಲಿಸಿದರು.

"ನೀವು ರಜೆಯಲ್ಲೇ ಓದಿದವರು. ಹೇಳಿ, ಕಡೆಯ ಭಾಗದಲ್ಲಿ ಗಡಿಯಾರದವನ ಮಗಳು ಒಬ್ಬಳೇ ಉಳಿದಾಗ, ಅವಳ ಸುತ್ತ ಇದ್ದವರೆಲ್ಲ ಎಲ್ಲಿ?"

ಕಾಯುತ್ತಿದ್ದ ಗಳಿಗೆ! ಅವಳು ಎದ್ದು, ಗಂಟಲು ಸರಿಮಾಡಿಕೊಂಡು, ಸ್ಪಷ್ಟವಾದ ಇಂಗ್ಲಿಷಿನಲ್ಲಿ, ತಡವರಿಸದೆ ಹೇಳಿದಳು: "ಅವರೆಲ್ಲ ದೊಡ್ಡಮ್ಮನ ಮನೆಯಲ್ಲಿದ್ದಾರೆ, ಮೇಡಂ. ಗಡಿಯಾರ ಹಿಂದಕ್ಕಿಟ್ಟಿರುವುದರಿಂದ ಯಾರಿಗೂ ಇನ್ನೂ ಊಟವಾಗಿಲ್ಲ."

ಇಡೀ ಕ್ಲಾಸು ಘೊಳ್ಳೆಂದಿತು. ಕುದುರೆಬಾಲದವಳು ಬೆಂಚಿನ ಮೇಲೆ ತಲೆಯಿಟ್ಟು ನಕ್ಕಳು. ಮೇಡಂ ನಗಲಿಲ್ಲ.

"ಈ ದೊಡ್ಡಮ್ಮ ಯಾವ ಅಧ್ಯಾಯದಲ್ಲಿ ಬರ್ತಾರೆ?"

ಅವಳು ಪುಟ ತಿರುವಿ ಹುಡುಕಿದಳು. ನಿಜವಾಗಿಯೂ ಹುಡುಕಿದಳು.

"ಸೋಮವಾರ ಕಡೆಯ ಭಾಗ ಓದ್ಕೊಂಡು ಬಂದು, ಇರೋದನ್ನ ಇರೋ ಹಾಗೆ ಹೇಳಿ. ಆಗದಿದ್ರೆ ಮೊದಲ ವರ್ಷದಲ್ಲಿ ಕೂರೋದು ನಿಮಗೇ ಒಳ್ಳೇದು," ಎಂದರು ಮೇಡಂ.

ಮನೆಗೆ ಬಂದವಳು ಚಪ್ಪಲಿ ಬಿಡುವುದಕ್ಕೂ ಮೊದಲೇ ಸಿಡಿದಳು.

"ಸಾಕು ಅತ್ತೆ, ನಿಮ್ಮ ದೊಡ್ಡಮ್ಮನ ಮನೆ! ಇವತ್ತೇ ಮುಚ್ಚಿಬಿಡಿ! ಇಡೀ ಕ್ಲಾಸಿನ ಎದುರು ನನ್ನ ಮಾನ ಹೋಯ್ತು. ನನ್ನ ವರ್ಷ ಹೋಗತ್ತೆ!"

"ನಂದಾ? ಕಟ್ಟಿದೋಳು ನೀನಲ್ವೇನಮ್ಮ? ನಾನು ಸುಣ್ಣ ಬಳಿದೆ ಅಷ್ಟೇ."

"ಹಾಗಾದ್ರೆ ನಾನೇ ಕೆಡವ್ತೀನಿ. ಪುಟ್ಟ, ಬಾ ಇಲ್ಲಿ. ಅವರು ಯಾರೂ ದೊಡ್ಡಮ್ಮನ ಮನೇಲಿಲ್ಲ. ಅವರೆಲ್ಲ ಸತ್ತು..."

"ತಾತ ಇದ್ದಾರೆ," ಎಂದಳು ಬುಗುರಿ.

"ಏನು?"

"ನಮ್ಮ ತಾತ. ಅಲ್ಲೇ ಇದ್ದಾರೆ. ಯಾರೂ ಇಲ್ದಿರೋ ರೂಮಲ್ಲಿ ಲೈಟ್ ಉರೀತಿದ್ರೆ ಬೈದು ಆರಿಸ್ತಾರೆ. ಕ್ಯಾಪ್ಟನ್‌ಗೂ ಬೈದ್ರು. ಅಜ್ಜಿಗೆ ದಿನಾ ಗೊತ್ತಾಗತ್ತೆ."

ಸೊಸೆ ಅತ್ತೆಯ ಕಡೆ ನೋಡಿದಳು. ಅತ್ತೆ ಬಟ್ಟಲಿನ ಅಂಚನ್ನು ಚಮಚದಿಂದ ಸವರುತ್ತಿದ್ದರು. ಅದರಲ್ಲಿ ಸವರಲು ಏನೂ ಉಳಿದಿರಲಿಲ್ಲ.

"ಮಗು ಕೇಳ್ತು," ಎಂದರು ಅವರು, ತಲೆಯೆತ್ತದೆ. "'ತಾತನೂ ಅಲ್ಲಿದ್ದಾರಾ' ಅಂತ. ನಾನು ಇಲ್ಲ ಅನ್ನಬೇಕಿತ್ತೇನೋ. ಬಾಯಿ ಬರ್ಲಿಲ್ಲ. ಆಮೇಲೆ ದಿನಾ ಊಟದ ಹೊತ್ತಿಗೆ ಸ್ವಲ್ಪ ಮಾತಾಡಿಸ್ಕೊಂಡು ಬಂದ ಹಾಗಾಗತ್ತೆ. ನಿಂಗೆ ತೊಂದ್ರೆ ಆಗೋದಾದ್ರೆ ನಾಳೆಯಿಂದ ಬೇರೆ ಕಥೆ ಹೇಳ್ತೀನಿ ಬಿಡು. ಮೊಲದ್ದೋ, ಆಮೆದ್ದೋ."

ಸೊಸೆ ಚಪ್ಪಲಿ ಬಿಟ್ಟಳು. ಮುಖ ತೊಳೆಯುವ ನೆಪದಲ್ಲಿ ಬಾತ್‌ರೂಮಿಗೆ ಹೋಗಿ ಬಹಳ ಹೊತ್ತು ನಲ್ಲಿ ತಿರುಗಿಸಿಕೊಂಡು ನಿಂತಳು. ಹೊರಬಂದಾಗ ಲೈಟು ಆರಿಸಿ ಬಂದಳು. "ಮೊಲ, ಆಮೆ ಬೇಡ ಅತ್ತೆ. ಅವಳು ತಿನ್ನಲ್ಲ," ಎಂದಳು.

ಶನಿವಾರ, ಭಾನುವಾರ ಗಂಡ ಪಾತ್ರೆ ತಿಕ್ಕಿದ (ತಿಕ್ಕಿದ್ದನ್ನು ಅವಳು ಮತ್ತೆ ತಿಕ್ಕಿದಳು). ಅವಳು ಬಾಗಿಲು ಹಾಕಿಕೊಂಡು ಕಡೆಯ ಭಾಗ ಓದಿ ಮುಗಿಸಿದಳು. ಸೋಮವಾರ ಎದ್ದು ನಿಂತು, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು: ಯಾರೂ ಉಳಿಯಲಿಲ್ಲ, ಗಡಿಯಾರದವನ ಮಗಳು ಮಳೆಯಲ್ಲಿ ನೆನೆದು ಗೋಪುರ ಹತ್ತಿದಳು, ಜ್ವರ ಬಂತು, ಕಡೆಯ ಪುಟದಲ್ಲಿ ಅವಳೂ ಸತ್ತಳು. ಕ್ಲಾಸಿನಲ್ಲಿ ಯಾರೂ ನಗಲಿಲ್ಲ.

"ಸರಿ," ಎಂದರು ಮೇಡಂ. "ನೀವು ಇಲ್ಲೇ ಕೂತ್ಕೊಳ್ಳಿ. ಈ ಬೆಂಚು ನಿಮ್ದೇ."

ಅವಳು ಕೂರುವಷ್ಟರಲ್ಲಿ ಕುದುರೆಬಾಲದವಳು ಕೈ ಎತ್ತಿದಳು. "ಮೇಡಂ, ಆ ಗಡಿಯಾರದವನ ಮಗಳಿಗೆ ದೊಡ್ಡಮ್ಮನ ಮನೇಲಿ ಜಾಗ ಸಿಕ್ತಾ?"

ಮೇಡಂ ಗದರುತ್ತಾರೆಂದು ಎಲ್ಲರೂ ಕಾದರು. ಮೇಡಂ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು, ತುಂಬ ನಿಧಾನವಾಗಿ. ಆಮೇಲೆ ಮುಂದಿನ ಬೆಂಚಿನ ಕಡೆ ತಿರುಗಿ, "ಸಿಕ್ತಾ?" ಎಂದರು.

ಉತ್ತರ ಅವಳಿಗೆ ಗೊತ್ತಿರಲಿಲ್ಲ. ಇಂಗ್ಲಿಷ್ ಸಾಹಿತ್ಯದ ಅಷ್ಟೂ ಪುಟಗಳಲ್ಲಿ ಅದಿರಲಿಲ್ಲ. "ಕೇಳ್ಕೊಂಡು ಬಂದು ಹೇಳ್ತೀನಿ ಮೇಡಂ," ಎಂದಳು.

ಸಂಜೆ ಅವಳು ಏದುಸಿರು ಬಿಡುತ್ತ ಮನೆ ಸೇರಿದಾಗ ಅತ್ತೆ ಬುಗುರಿಯನ್ನು ಕೂರಿಸಿಕೊಂಡು ಬೇಯಿಸಿದ ತರಕಾರಿಯ ಬಟ್ಟಲು ಹಿಡಿದಿದ್ದರು.

"ಅತ್ತೆ, ನನ್ನ ಸೀಟು ಉಳೀತು."

"ಒಳ್ಳೇದಾಯ್ತಮ್ಮ."

"ಅತ್ತೆ, ಆ ಹುಡುಗೀನೂ ಹೋಗ್ಬಿಟ್ಳು. ಕಡೇ ಪುಟದಲ್ಲಿ."

ಅತ್ತೆಯ ಚಮಚ ಗಾಳಿಯಲ್ಲೇ ನಿಂತಿತು. "ಅಯ್ಯೋ ಪಾಪ. ಹೊರಟ್ಳಾ? ಅಲ್ಲಿ ಕಾಲಿಡೋಕೂ ಜಾಗ ಇಲ್ವಲ್ಲ."

"ಅದನ್ನೇ ಕೇಳೋಣ ಅಂತ ಬಂದೆ. ಅವರಪ್ಪ ಇದ್ದಾನಲ್ಲ ಅಲ್ಲಿ? ಬಾಗಿಲು ಯಾರು ತೆಗೆದ್ರು? ಓನರಮ್ಮ ಒಳಗೆ ಬಿಟ್ಳಾ? ಮಾವ ಏನಂದ್ರು?"

ಅತ್ತೆ ಸೊಸೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಬೆಳಗ್ಗೆಯಿಂದ ಏನಾದ್ರೂ ತಿಂದಿದ್ದೀಯಾ?"

"ಅದಿರ್ಲಿ ಅತ್ತೆ, ಮಾವ ಏನಂದ್ರು ಹೇಳಿ."

"ಇಲ್ಲಿ ಹಾಗೆಲ್ಲ ಬಿಟ್ಟಿ ಕಥೆ ಹೇಳಲ್ಲ. ನಿನ್ನ ಮಗಳನ್ನೇ ಕೇಳು. ಕೈ ತೊಳ್ಕೊಂಡು ಬಾ, ಕೂತ್ಕೋ."

ಬುಗುರಿ ಸರಿದು ಜಾಗ ಬಿಟ್ಟಳು. ಇಂಗ್ಲಿಷ್ ಮೇಜರ್ ವಿದ್ಯಾರ್ಥಿನಿ ಮಗಳ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಬಾಯಿ ತೆರೆದಳು.