ಅತ್ತೆಯ ಪಾಲಾದ ತಿರುಗಣಿ ಡಬ್ಬಿ

ನಮ್ಮ ಅತ್ತೆ ಕಳ್ಳಿ! ತಂದೆಯ ಸ್ವಂತ ಅಕ್ಕನನ್ನು ಹೀಗೆ ಅನ್ನಬಹುದೇ ಎಂದು ಹುಬ್ಬೇರಿಸಬೇಡಿ. ಹಾಡುಹಗಲಲ್ಲಿ, ನನ್ನ ಕಣ್ಣೆದುರಿಗೇ, ನನ್ನ ವಿಡಿಯೋ ಗೇಮನ್ನು ನುಂಗಿ ನೀರು ಕುಡಿದವಳಿಗೆ ಬೇರೆ ಏನೆನ್ನಲಿ?

ಎಂಬತ್ತರ ದಶಕದ ಮಾತು. ನಾನಾಗ ಗದಗಿನಲ್ಲಿ ಕಾಲೇಜು ಓದುತ್ತಿದ್ದೆ. ಮುಂಬಯಿಯಲ್ಲಿದ್ದ ಕಾಕಾ ನನಗೆಂದು ಒಂದು ಕರಿ ಡಬ್ಬಿ ತಂದುಕೊಟ್ಟರು. ಅದನ್ನು ಟಿವಿಗೆ ಜೋಡಿಸಿದರೆ ಪರದೆಯ ಎರಡೂ ಬದಿಗೆ ಒಂದೊಂದು ಬಿಳಿ ಪಟ್ಟಿ, ನಡುವೆ ಒಂದು ಬಿಳಿ ಚುಕ್ಕಿ. ಚುಕ್ಕಿಯೇ ಚೆಂಡು, ಪಟ್ಟಿಯೇ ಬ್ಯಾಟು! ಇಬ್ಬರು ಆಟಗಾರರಿಗೂ ರೇಡಿಯೋಕ್ಕೆ ಇರುವಂಥ ಒಂದೊಂದು ದಪ್ಪ ತಿರುಗಣಿ. ಅದನ್ನು ತಿರುಗಿಸಿದಂತೆ ಪಟ್ಟಿ ಮೇಲೆ ಕೆಳಗೆ ಸರಿದು ಚೆಂಡನ್ನು ಹಿಂದಕ್ಕೆ ಬಡಿಯುತ್ತಿತ್ತು. ಆದರೆ ನಮ್ಮ ಮನೆಯಲ್ಲಿ ಟಿವಿಯೇ ಇರಲಿಲ್ಲವಲ್ಲ! ಇದ್ದದ್ದು ಲಕ್ಷ್ಮೇಶ್ವರದ ಅತ್ತೆಯ ಮನೆಯಲ್ಲಿ. ಊರಿಗೆ ಸಿಗ್ನಲ್ ನೆಟ್ಟಗೆ ಬರುವ ಮೊದಲೇ ಅಂಗಡಿಯವನ ಮಾತಿಗೆ ಮರುಳಾಗಿ ಕೊಂಡದ್ದು. ಇಡೀ ದಿನ ಅದರಲ್ಲಿ ಅಕ್ಕಿ ಉದುರಿದಂತೆ ಕಾಣುವುದು ಬಿಟ್ಟರೆ ಮತ್ತೇನೂ ಬರುತ್ತಿರಲಿಲ್ಲ. ಒಂದು ರವಿವಾರ ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡು ನಾನು ಬಸ್ಸು ಹತ್ತಿದೆ.

ಆ ಮನೆಯಲ್ಲಿ ಆಗ ಯಾರಿಗೂ ಆಟದ ಮನಸ್ಸಿರಲಿಲ್ಲ. ಮಾವ ಓಣಿಯ ಈಶ್ವರನ ಗುಡಿಯ ಪೂಜಾರಿ. ಲಕ್ವಾ ಹೊಡೆದು ಆರು ತಿಂಗಳಾಗಿತ್ತು. ಕಾಲು, ಮಾತು ಸುಧಾರಿಸಿದ್ದವು. ಬಲಗೈ ಮಾತ್ರ ತೊಡೆಯ ಮೇಲೆ ಸುಮ್ಮನೆ ಬಿದ್ದಿರುತ್ತಿತ್ತು. ಪೂಜೆಯನ್ನು ತಮ್ಮನಿಗೆ ಒಪ್ಪಿಸಿದವರು ಗುಡಿಯ ಕಡೆ ತಲೆ ಹಾಕುವುದನ್ನೇ ಬಿಟ್ಟಿದ್ದರು. ಯಾರಾದರೂ ಕರೆದರೆ, "ಎಡಗೈಲೆ ಸ್ವಾಮಿಗೆ ವಿಭೂತಿ ಹಚ್ಚಾಕ ಆಗತೈತೇನು?" ಎಂದು ಗೋಡೆಯ ಕಡೆ ಹೊರಳಿಬಿಡುವರು. ಬೆರಳು ಆಡಿಸಲು ಡಾಕ್ಟರು ಕೊಟ್ಟ ರಬ್ಬರ್ ಚೆಂಡು ಮಂಚದ ಕೆಳಗೆ ಧೂಳು ಹಿಡಿದು ಬಿದ್ದಿತ್ತು.

ನಾನು ಆಟ ಆಡಿ ತೋರಿಸಿದೆ. ಅತ್ತೆ ತಿರುಗಣಿ ನೋಡಿದಳು, ಮಾವನ ಕೈ ನೋಡಿದಳು, ಮತ್ತೆ ತಿರುಗಣಿ ನೋಡಿದಳು. ಎದ್ದು ಬಂದವಳೇ ಡಬ್ಬಿಯನ್ನು ಕಿತ್ತುಕೊಂಡಳು.

"ಇದು ಇಲ್ಲೇ ಇರಲಿ."

"ಅತ್ತಿ, ಕಾಕಾ ನನಗ ಕೊಟ್ಟದ್ದು!"

"ನಿನಗ ಪರೀಕ್ಷಾ ಅದಾವು. ಓದ್ಕೋ ಹೋಗು."

ಪರೀಕ್ಷೆಗೆ ಇನ್ನೂ ಹತ್ತು ತಿಂಗಳಿತ್ತು!

ಅಂದಿನಿಂದ ದಿನಾ ಮುಂಜಾನೆ ಗಂಡ ಹೆಂಡತಿಯ ಪಂದ್ಯ. ನಿಯಮಗಳೆಲ್ಲ ಅತ್ತೆಯವೇ. ಸ್ನಾನ ಮಾಡದೆ ಡಬ್ಬಿ ಮುಟ್ಟುವಂತಿಲ್ಲ. ಮಾವನ ಎಡಗೈ ನಡುವೆ ಬಂದು ಮೋಸ ಮಾಡುತ್ತದೆಂದು ಅದನ್ನು ಟವೆಲಿನಿಂದ ಸೊಂಟಕ್ಕೆ ಬಿಗಿಯುವಳು! ಹಾಲು ಹಾಕಲು ಬಂದವಳು ಇದನ್ನು ನೋಡಿ ಗಾಬರಿಯಾಗಿ ಓಣಿಗೆಲ್ಲ ಖಬರು ಮುಟ್ಟಿಸಿದಳು: "ಅಯ್ಯಾರನ್ನ ಅಮ್ಮಾರು ಕಟ್ಟಿ ಹಾಕ್ಯಾರ!"

"ಏನ್ರಿ, ಕೈಗೆ ಮದರಂಗಿ ಹಚ್ಚಿಕೊಂಡು ಕುಂತೀರೇನು? ಚೆಂಡು ಬಂತು, ತಿರುವ್ರಿ!"

"ಸುಮ್ಕಿರಲೇ! ನೀ ಒದರಿದರ ನನಗ ಚೆಂಡ ಕಾಣಂಗಿಲ್ಲ!"

ಎರಡು ತಿಂಗಳು ಮಾವ ಒಂದು ಪಾಯಿಂಟೂ ಗಳಿಸಲಿಲ್ಲ. ರವಿವಾರಕ್ಕೊಮ್ಮೆ ಹೋಗಿ ನೋಡುತ್ತಿದ್ದ ನನಗೇ ತಡೆಯಲಾಗಲಿಲ್ಲ. "ಒಂದಾಟ ಸೋತುಕೊಡಬಾರದೇನ ಅತ್ತಿ?" ಎಂದು ಪಿಸುಗುಟ್ಟಿದೆ.

"ಹುಚ್ಚಪ್ಪ, ಅವರಿಗೆ ಸಿಟ್ಟು ಬರಬೇಕಲೇ," ಎಂದಳು. "ಸಿಟ್ಟು ಬಂದ್ರ ಕೈ ಎದ್ದು ಬರತೈತಿ."

ಮೂರನೇ ತಿಂಗಳು ಮಾವ ಸಿಟ್ಟಿನಲ್ಲಿ ಮೊದಲ ಪಾಯಿಂಟು ಹೊಡೆದರು. ಅತ್ತೆ ಓಣಿಗೆಲ್ಲ ಸಕ್ಕರೆ ಹಂಚಿದಳು. ಸೋತವರು ಸಕ್ಕರೆ ಹಂಚುವುದನ್ನು ನೀವೆಲ್ಲಾದರೂ ಕಂಡಿದ್ದೀರಾ?

ಅಷ್ಟರಲ್ಲಿ ಎದುರು ಮನೆಯ ಫೋಟೋ ಸ್ಟುಡಿಯೋದವನು ಪೈಪೋಟಿಗೆ ಇಳಿದ. ಅವನು ತಂದದ್ದು ಹೊಸ ನಮೂನೆಯ ಡಬ್ಬಿ. ಕ್ಯಾಸೆಟ್ಟು ಬದಲಿಸಿದರೆ ಆಟವೇ ಬದಲು! ಒಂದರಲ್ಲಿ ವಿಮಾನ, ಇನ್ನೊಂದರಲ್ಲಿ ಕಪ್ಪೆ, ಮೇಲೆ ಬಣ್ಣ ಬೇರೆ. ನಮ್ಮ ಚುಕ್ಕಿಯನ್ನು ನೋಡಲು ಬರುತ್ತಿದ್ದ ಓಣಿಯ ಮಂದಿಯೆಲ್ಲ ಒಂದೇ ದಿನದಲ್ಲಿ ಪಕ್ಷಾಂತರ ಮಾಡಿದರು. ಅವನು ಒಳ್ಳೆಯವನೇ, ಒಮ್ಮೆ ಡಬ್ಬಿ ಹೊತ್ತುಕೊಂಡೇ ಬಂದ.

"ಅಮ್ಮಾರ, ನಿಮ್ಮದು ಹಳೇದಾತ್ರಿ. ಮುಂಬೈಯಾಗ ಅದನ್ನ ಈಗ ಯಾರೂ ಮೂಸಿ ನೋಡಂಗಿಲ್ಲ. ನಾಕು ದಿನ ಇದನ್ನ ಇಟ್ಟುಕೊಳ್ರಿ."

ಅತ್ತೆ ಅದನ್ನು ಬದನೆಕಾಯಿ ಆರಿಸುವಂತೆ ಹೊರಳಿಸಿ ನೋಡಿದಳು. "ತಿರುಗಣಿ ಎಲ್ಲೈತಿ?"

"ಇದಕ್ಕ ತಿರುಗಣಿ ಇಲ್ರಿ, ಬಟನ್ ಒತ್ತಿದರಾತು."

"ಬಟನ್ ಒತ್ತಾಕ ಒಂದು ಹೆಬ್ಬೆಟ್ಟು ಸಾಕು. ನಮ್ಮನ್ಯಾಗ ಐದು ಬೆರಳಿಗೂ ಕೆಲಸ ಬೇಕಾಗೇತಿ. ತಗೊಂಡು ಹೋಗಪಾ."

ಆಮೇಲೆ ಬೆಟಗೇರಿಯ ಯಾರೋ ಪಿಸ್ತೂಲಿನಿಂದ ಬಾತುಕೋಳಿಗೆ ಗುಂಡು ಹಾರಿಸುವ ಡಬ್ಬಿ ತಂದರಂತೆ. ಸ್ಟುಡಿಯೋದವನ ಮುಖ ಸಪ್ಪಗಾಯಿತು, ಅವನದೂ ಹಳೆಯದಾಗಿತ್ತಲ್ಲ! ಅತ್ತೆ ಮಾತ್ರ, "ಅದಕ್ಕರ ತಿರುಗಣಿ ಐತೇನು?" ಎಂದು ಕೇಳಿ, ಇಲ್ಲವೆಂದ ಕೂಡಲೇ ರೊಟ್ಟಿ ಬಡಿಯಲು ಹೋದಳು.

ದಸರೆಯ ಖಂಡೇಪೂಜೆ ಬಂತು, ರಜೆಗೆ ನಾನೂ ಹೋಗಿದ್ದೆ. ಕುಡುಗೋಲು, ಈಳಿಗೆಮಣೆ, ಹೊಲಿಗೆ ಯಂತ್ರದ ಸಾಲಿನಲ್ಲಿ ಅತ್ತೆ ನನ್ನ ಡಬ್ಬಿಯನ್ನೂ ಇಟ್ಟು ಹೋಳಿಗೆ ಮಾಡಲು ಒಳಗೆ ಹೋದಳು. ಆರತಿ ಹಿಡಿದು ಬಂದವಳು ಚಿಟ್ಟನೆ ಚೀರಿದಳು. ವಿಭೂತಿಯನ್ನು ನೀರಿನಲ್ಲಿ ಕಲಸಿ ಯಾರೋ ಡಬ್ಬಿಗೆ ಬಳಿದಿದ್ದರು. ನೀರು ತಿರುಗಣಿಯ ಸಂದಿಯಿಂದ ಒಳಗೆ ಇಳಿದಿತ್ತು. ಟಿವಿಗೆ ಹಚ್ಚಿ ನೋಡಿದೆ. ಪಟ್ಟಿ ಇಲ್ಲ, ಚುಕ್ಕಿ ಇಲ್ಲ, ಬರೀ ಅಕ್ಕಿ!

"ಯಾವ ಮೂಳ ಮಾಡಿದ್ದಿದು?" ಅತ್ತೆಯ ಕಣ್ಣು ನನ್ನ ಮೇಲೆಯೇ ಬಿತ್ತು.

"ಆಣಿ ಮಾಡತೇನಿ ಅತ್ತಿ, ನಾನಲ್ಲ!"

"ನಾ ಹಚ್ಚೇನಿ," ಎಂದರು ಮಾವ, ಮಂಚದ ಮೇಲಿಂದ. "ದಿನಾ ದುಡಿಯೋ ಸಾಮಾನು. ಅದಕ್ಕ ಪೂಜಿ ಬ್ಯಾಡೇನು?"

ಬೈಯಲು ಬಾಯಿ ತೆರೆದ ಅತ್ತೆ ಆರತಿಯ ಬೆಳಕನ್ನು ಡಬ್ಬಿಯ ಹತ್ತಿರ ಹಿಡಿದಳು. ಬಗ್ಗಿ ಡಬ್ಬಿ ನೋಡಿದಳು. ಅದರ ಮೇಲೆ ಮೂರು ಗೆರೆ. ಒಂದಕ್ಕೊಂದು ತಾಗದೆ, ನೆಟ್ಟಗೆ, ಮೊದಲು ಗುಡಿಯ ಲಿಂಗದ ಮೇಲೆ ಇರುತ್ತಿದ್ದಂತೆಯೇ.

"ಯಾವ ಕೈಲೆ ಹಚ್ಚೀರಿ?" ಅತ್ತೆ ಕೇಳಿದಳು.

ಮಾವ ಬಲಗೈ ಎತ್ತಿ ತೋರಿಸಿದರು. ನಡುವಿನ ಮೂರೂ ಬೆರಳಿಗೆ ವಿಭೂತಿ ಇನ್ನೂ ಹಸಿಯಾಗಿತ್ತು.

ಅತ್ತೆ ಆರತಿ ಕೆಳಗಿಟ್ಟು, ಆ ಕೈಯನ್ನು ಕಣ್ಣಿಗೆ ಒತ್ತಿಕೊಂಡು ಅತ್ತಳು. ಅವಳು ಅತ್ತದ್ದನ್ನು ನಾನು ಅದೇ ಮೊದಲ ಸಲ ನೋಡಿದ್ದು. ಅವಳ ಅಳು ನಿಲ್ಲಿಸಲೆಂದು, "ಅತ್ತಿ, ನನ್ನ ಡಬ್ಬಿ?" ಎಂದೆ.

"ಸುಡ್ಲಿ ನಿನ್ನ ಡಬ್ಬಿ!" ಸೆರಗಿನಿಂದ ಮೂಗು ಒರೆಸಿಕೊಂಡು ಅತ್ತೆ ನಕ್ಕಳು. "ಓಡು, ಜಲ್ದಿ ನಮ್ಮ ಮೈದುನನ ಕಡಿಂದ ಗುಡಿ ಕೀಲಿ ಇಸ್ಕೊಂಡು ಬಾ. ಇವತ್ತಿನ ಪೂಜಿ ನಿಮ್ಮ ಮಾವಂದು."

ನಾನು ಚಪ್ಪಲಿಯನ್ನೂ ಮೆಟ್ಟದೆ ಓಡಿದೆ.