ಅತ್ತೆಯ ನೀಲಿ ಮೊಣಕಾಲು

“ಪ್ರಯೋಗಾಲಯ ಅಂದ್ರೆ ಏನ್ರೀ? ದುಬಾರಿ ಅಡುಗೆಮನೆ, ಅಷ್ಟೇ. ಮಧ್ಯಾಹ್ನದೊಳಗೆ ಎಣ್ಣೆ ತೆಗೆದೇ ತೀರ್ತೀನಿ” ಎಂದು ಆಕೆ ಭಾನುವಾರ ಬೆಳಗ್ಗೆ ಕುಕ್ಕರನ್ನು ವಶಪಡಿಸಿಕೊಂಡಳು. ಗಡಿಯಾರ ರಿಪೇರಿ ಮಾಡುವ ಗಂಡ “ಹಾಗಾದ್ರೆ ಊಟ?” ಎಂದು ಕೇಳಿ, ಆಕೆಯ ಮುಖ ನೋಡಿ, ತಾನೇ ಚೀಲ ಹಿಡಿದು ಹೋಟೆಲಿಗೆ ಹೊರಟ.

ಔಷಧಿ ಗಿಡಗಳ ಪರಿಮಳದಲ್ಲಿ ಏನೇನು ಅಡಗಿದೆ ಎಂದು ಪತ್ತೆ ಮಾಡುವುದು ಆಕೆಯ ಉದ್ಯೋಗ. ಈ ಸಲದ ಗಿಡ ಕ್ಯಾಮೊಮೈಲ್, ಸೇವಂತಿಗೆಯ ಕಿರಿಯ ತಂಗಿಯಂಥ ಬಿಳಿ ಹೂವಿನದು. ಹೂವಿನ ಸುವಾಸನೆಯ ಅಂಶಗಳು ಎಲೆಯಲ್ಲೂ ಇದ್ದರೆ, ಬೆಳೆಗಾರರು ಸುಮ್ಮನೆ ಎಸೆಯುವ ಎಲೆಗೂ ಬೆಲೆ ಬರುತ್ತದೆ. ಸೋಮವಾರ ವರದಿ ಕೊಡಬೇಕು. ಶನಿವಾರ ಸಂಜೆ ಪ್ರಯೋಗಾಲಯದಲ್ಲಿ ಭಟ್ಟಿ ಇಳಿಸಿ ಎಣ್ಣೆ ತೆಗೆಯುವ ಗಾಜಿನ ಪಾತ್ರೆ ಆಕೆಯ ಕೈಜಾರಿ ಚೂರುಚೂರಾಗಿತ್ತು. ಮೇಲಧಿಕಾರಿಗೆ ಅದನ್ನು ಹೇಳುವ ಬದಲು, ಒಂದು ಚೀಲ ಹೂವು, ಒಂದು ಚೀಲ ಎಲೆ ಹೊತ್ತು ಮನೆಗೆ ಬಂದಿದ್ದಳು.

ಕುಕ್ಕರಿನ ಮೂತಿಗೆ ತಾಮ್ರದ ಕೊಳವೆ, ಕೊಳವೆಗೆ ಐಸ್ ನೀರಿನ ಬಕೆಟ್ಟು. ಅಡುಗೆಮನೆ ರೈಲ್ವೆ ನಿಲ್ದಾಣದಂತೆ ಹೊಗೆಯಾಡಿತು. ಆದರೂ ಎಣ್ಣೆ ಬಂತು! ಎಲೆಯದು ತಿಳಿಹಸಿರು, ಹೂವಿನದು ಶಾಯಿಯಂಥ ನೀಲಿ. ಎರಡೂ ಪುಟ್ಟ ಶೀಶೆಗಳನ್ನು ಕಿಟಕಿಯ ಮೇಲಿಟ್ಟು, ಗೆದ್ದ ಸೇನಾಪತಿಯಂತೆ ಸ್ನಾನಕ್ಕೆ ಹೋದಳು.

ಊಟದ ಪೊಟ್ಟಣ ಹಿಡಿದು ಗಂಡ ಒಳಗೆ ಬಂದಾಗ ಅವನ ತಾಯಿ ಕಾಲು ಚಾಚಿ ಕೂತಿದ್ದರು. ಎಡ ಮೊಣಕಾಲು ಕಡುನೀಲಿ. ಅವನು ಪೊಟ್ಟಣ ಅಲ್ಲೇ ಬಿಟ್ಟು, ಕೆಳಮನೆಯ ಡಾಕ್ಟರನ್ನು ಊಟದ ಮಧ್ಯದಿಂದ ಎಬ್ಬಿಸಿಕೊಂಡು ಬಂದ.

“ರಕ್ತ ಓಡ್ತಾ ಇಲ್ಲ ಅನ್ಸುತ್ತೆ ಡಾಕ್ಟ್ರೇ.”

ಡಾಕ್ಟರು ಮೊಣಕಾಲನ್ನು ಒತ್ತಿ ನೋಡಿದರು. ಅವರ ಬೆರಳೂ ನೀಲಿಯಾಯಿತು. ಗಂಡ ಎರಡು ಹೆಜ್ಜೆ ಹಿಂದೆ ಸರಿದ. “ಅಂಟುರೋಗಾನಾ?”

“ರೋಗ ನಿನ್ ತಲೆಗೆ” ಎಂದರು ಅತ್ತೆ. “ಸೊಸೆ ಕಷ್ಟಪಟ್ಟು ಎಣ್ಣೆ ಕಾಯಿಸಿ ಇಟ್ಟಿದ್ಲು. ಹಚ್ಕೊಂಡೆ.”

ಅಷ್ಟರಲ್ಲಿ ಒದ್ದೆ ತಲೆಯ ಸೊಸೆ ಖಾಲಿ ಶೀಶೆ ಹಿಡಿದು ಓಡಿ ಬಂದಳು. ಡಾಕ್ಟರು ಕರವಸ್ತ್ರಕ್ಕೆ ಕೈ ಹಾಕುತ್ತಿದ್ದರು.

“ಒರೆಸ್ಕೋಬೇಡಿ ಡಾಕ್ಟ್ರೇ. ಆ ಬೆರಳಲ್ಲಿರೋದು ನಮ್ಮ ಆಫೀಸಿಂದು.”

ಸೋಸುವ ಕಾಗದ ತಂದು ಮೊದಲು ಡಾಕ್ಟರ ಬೆರಳು, ಆಮೇಲೆ ಅತ್ತೆಯ ಮೊಣಕಾಲನ್ನು ಒತ್ತಿ ಒತ್ತಿ ಎಣ್ಣೆ ಹೀರಿ ತೆಗೆದಳು. ಅರ್ಧ ಗಂಟೆ ನೆಲದ ಮೇಲೆ ಕೂತು ಒತ್ತಿ, ಕಾಗದ ಹಿಂಡಿದ ಮೇಲೆ ಶೀಶೆಯ ತಳದಲ್ಲಿ ನಾಲ್ಕು ಹನಿ ನಿಂತವು. ಮೇಲೆ ಕುರ್ಚಿಯಲ್ಲಿ ಅತ್ತೆ ತಮ್ಮ ತಂಗಿಗೆ ಫೋನ್ ಮಾಡುತ್ತಿದ್ದರು: “ಮದುವೆಯಾಗಿ ಒಂಬತ್ತು ವರ್ಷ ಆಯ್ತು ಕಣೇ. ಇವತ್ತು ಮೊದಲನೇ ಸಲ ಸೊಸೆ ನನ್ನ ಕಾಲು ಒತ್ತುತ್ತಾ ಇದಾಳೆ. ಕಣ್ಣಲ್ಲಿ ನೀರು ಬಂತು.” ಸೊಸೆಗೂ ಕಣ್ಣಲ್ಲಿ ನೀರು ಬಂದಿತ್ತು, ಬೇರೆ ಕಾರಣಕ್ಕೆ.

ಸೋಮವಾರ ಪ್ರಯೋಗಾಲಯದ ವಿಶ್ಲೇಷಣೆ ಯಂತ್ರ ಆ ನಾಲ್ಕು ಹನಿಯ ಜಾತಕ ಬರೆದುಕೊಟ್ಟಿತು. ಮೇಲಧಿಕಾರಿ ಕುರ್ಚಿಯಿಂದ ಎದ್ದೇಬಿಟ್ಟರು.

“ಮೆಂಥಾಲ್? ಕರ್ಪೂರ? ಈ ಹೂವಲ್ಲಿ ಇಷ್ಟೊಂದಾ? ಇದು ಹೊಸ ತಳೀನೇ ಇರ್ಬೇಕು. ತಡೀರಿ, ನಿರ್ದೇಶಕರಿಗೆ ಹೇಳ್ತೀನಿ” ಎಂದು ಫೋನೆತ್ತಿದರು.

ಆಕೆ ಹೊರಗೋಡಿ ಮನೆಗೆ ಫೋನ್ ಮಾಡಿದಳು. “ಅತ್ತೆ, ನಿನ್ನೆ ಮೊಣಕಾಲಿಗೆ ಬೇರೆ ಏನಾದ್ರೂ ಹಚ್ಚಿದ್ರಾ?”

“ಬೆಳಗ್ಗೆ ನೋವಿನ ಮುಲಾಮು ಹಚ್ಚಿದ್ದೆ ಕಣಮ್ಮ. ಅದು ನಾಟಲಿಲ್ಲ ಅಂತ್ಲೇ ನಿನ್ನ ಶೀಶೆಗೆ ಕೈ ಹಾಕಿದ್ದು.”

ಆಕೆ ಒಳಗೆ ಬಂದಾಗ ಮೇಲಧಿಕಾರಿ ಇನ್ನೂ ಫೋನ್ ಕಿವಿಗಿಟ್ಟುಕೊಂಡು ನಿರ್ದೇಶಕರಿಗಾಗಿ ಕಾಯುತ್ತಿದ್ದರು.

“ಸರ್, ದಯವಿಟ್ಟು ಫೋನ್ ಇಡಿ. ಅದು ಹೊಸ ತಳಿ ಅಲ್ಲ.”

“ಮತ್ತೆ ಮೆಂಥಾಲ್ ಎಲ್ಲಿಂದ ಬಂತು?”

“ಮನೆಯಿಂದ.”

“ಮನೇಲಿ ಕುಂಡದಲ್ಲಿ ಬೆಳೆಸಿದ್ರಾ?”

“ಮೊಣಕಾಲಲ್ಲಿ ಸರ್. ನಮ್ಮತ್ತೇದು. ಎಡಗಡೇದು.”

ಗಾಜಿನ ಪಾತ್ರೆಯಿಂದ ಹಿಡಿದು ಡಾಕ್ಟರ ಬೆರಳಿನವರೆಗೆ ಎಲ್ಲವನ್ನೂ ತಲೆ ತಗ್ಗಿಸಿ ಒಪ್ಪಿಸಿದಳು. ಮೇಲಧಿಕಾರಿ ಯಂತ್ರದ ವರದಿಯನ್ನು ಮಡಚಿ ಡ್ರಾಯರಿಗೆ ಹಾಕಿದರು. ಕೆಲಸ ಹೋಯಿತು ಎಂದೇ ಆಕೆ ನಿರ್ಧರಿಸಿದಳು.

“ಹೊಸ ಪಾತ್ರೆ ತರಿಸೋಣ. ಇನ್ನೊಂದು ವಾರ ಬೇಕು ಅಂತ ಬೆಳೆಗಾರರಿಗೆ ಹೇಳ್ತೀನಿ” ಎಂದರು ಕೊನೆಗೆ. ಬಾಗಿಲು ಮುಚ್ಚಿದೆಯೇ ಎಂದು ಒಮ್ಮೆ ನೋಡಿ, ಮೇಜಿನ ಕೆಳಗಿನಿಂದ ಬಲಗಾಲನ್ನು ಮೆಲ್ಲಗೆ ಹೊರಗೆ ಚಾಚಿದರು. “ನಿಮ್ಮತ್ತೆಗೆ ನೋವು ಕಡಿಮೆ ಆಯ್ತಾ?”