ಎಕ್ಸೆಲ್ಲಿನೊಳಗಿನ ನವಿಲು

ಬನಶಂಕರೆವ್ವ ಮಾಡಿದ್ದು ತಪ್ಪು ಅಂತ ಯಾರೂ ಹೇಳುವಂತಿರಲಿಲ್ಲ. ಹೊಸ ನಮೂನೆ ಮಗ್ಗ ಏರುವ ಮೊದಲು ಅದಕ್ಕೆ ಪೂಜೆ ಆಗಲೇಬೇಕು. ಬೆಟಗೇರಿಯ ಆ ನೇಕಾರರ ಮನೆಯಲ್ಲಿ ಇದು ಮುತ್ತಜ್ಜನ ಕಾಲದ ಪದ್ಧತಿ. ಆಗ ನಮೂನೆ ಕಾಗದದ ಮೇಲೆ ಇರುತ್ತಿತ್ತು, ಈಗ ಪೆನ್‌ಡ್ರೈವಿನಲ್ಲಿದೆ, ಅಷ್ಟೇ ಫರಕು. ಮಗ ಸುನಿಲಕುಮಾರ ಕೊನೆಯ ಬಣ್ಣ ತುಂಬಿ, ಸೇವ್ ಒತ್ತಿ, ಚಹಾದ ಕಪ್ಪಿಗೆ ಕೈ ಚಾಚಿದ್ದ. ಅಷ್ಟರಲ್ಲಿ ಆಕೆ ಲ್ಯಾಪ್‌ಟಾಪಿನಿಂದ ಪೆನ್‌ಡ್ರೈವ್ ಕಿತ್ತು, ದೇವರ ಮುಂದಿಟ್ಟು, ಅರಿಷಿಣ ಕುಂಕುಮ ಏರಿಸಿ, ಊದಿನಕಡ್ಡಿ ಬೆಳಗಿಯೇಬಿಟ್ಟಳು.

"ಯವ್ವಾ! ಇನ್ನಾ ಸೇವ್ ಆಗಾಕತ್ತಿತ್ತಲ್ಲಬೇ!"

"ದೇವರ ಪಾದದಾಗ ಐತಿ. ಇದಕ್ಕಿಂತ ಭದ್ರ ಜಾಗಾ ಎಲ್ಲೈತೋ?"

ಸುನಿಲ ಕುಂಕುಮ ಒರೆಸಿ ಪೆನ್‌ಡ್ರೈವ್ ಮತ್ತೆ ಚುಚ್ಚಿದ. ಫೈಲು ಕೆಟ್ಟಿದೆ, ತೆರೆಯಲು ಬರುವುದಿಲ್ಲ ಅಂತ ಎಕ್ಸೆಲ್ಲು ಮುಖ ತಿರುಗಿಸಿತು. ಅವನು ಓಣಿಗೆಲ್ಲ ಕೇಳುವಂತೆ ಚೀರಿದ.

ಯಾಕೆಂದರೆ ಆ ಫೈಲಿನಲ್ಲಿ ಲೆಕ್ಕ ಇರಲಿಲ್ಲ, ನವಿಲಿತ್ತು. ಎಕ್ಸೆಲ್ಲಿನ ಒಂದು ಚೌಕ ಅಂದರೆ ಒಂದು ಎಳೆ ಅಂತ ಹಿಡಿದು, ಚೌಕಕ್ಕೊಂದು ಬಣ್ಣ ತುಂಬುತ್ತ, ಸೀರೆಯ ಸೆರಗಿಗೆ ಗರಿ ಬಿಚ್ಚಿದ ನವಿಲನ್ನು ಅವನು ತಿಂಗಳುಗಟ್ಟಲೆ ಕೂತು ಮಾಡಿದ್ದ. ಎರಡನೇ ಪ್ರತಿ ಇರಲಿಲ್ಲ. ಓಣಿಯಲ್ಲಿ ಯಾರಾದರೂ ನಮೂನೆ ಕದ್ದಾರು ಅಂತ ಆ ಪುಣ್ಯಾತ್ಮ ಎಲ್ಲೂ ಪ್ರತಿ ಇಟ್ಟಿರಲಿಲ್ಲ.

ಇವತ್ತು ಮಧ್ಯಾಹ್ನ ಹುಬ್ಬಳ್ಳಿಯ ದೊಡ್ಡ ಸೀರೆ ಅಂಗಡಿಯ ಮೇಘಾ ಮೇಡಂ ನಮೂನೆ ನೋಡಲು ಬರುವವರಿದ್ದರು. ನೇಕಾರರ ಸೊಸೈಟಿಯ ಸೆಕ್ರೆಟರಿ ಪಾಂಡಪ್ಪ ಮೊದಲೇ ಹೇಳಿದ್ದ: "ಆಕಿ ಹೂಂ ಅಂದ್ರ ನೀ ಸೊಸೈಟಿ ಡಿಸೈನರ, ಫ್ಯಾನಿನ ಬುಡಕ ಕುರ್ಚಿ ಹಾಕಸ್ತೀನಿ. ಊಹೂಂ ಅಂದ್ರ ಸುಮ್ನ ನಿಮ್ಮಪ್ಪನ ಮಗ್ಗದಾಗ ಇಳಿ." ಅಪ್ಪನದು ಕುಣಿಮಗ್ಗ, ನೆಲದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂರಬೇಕು. ಸುನಿಲನ ಕಾಲೋ, ತೆಂಗಿನಮರ. ಆ ಕುಣಿ ನೆನೆದರೆ ಅವನಿಗೆ ಮೊಣಕಾಲು ನೋಯುತ್ತಿತ್ತು.

ಕೂಗು ಕೇಳಿ ಪಕ್ಕದ ಮನೆಯ ಕರೀಮಸಾಬ ಬಂದ. ನೂಲಿಗೆ ಬಣ್ಣ ಹಾಕುವವನು, ಅಂಗೈ ಸದಾ ನೀಲಿ.

"ಕುಂಕುಮದ ನೀರು ಒಳಗ ಇಳದೈತಿ ಬೇಟಾ. ನನ್ನ ಮೊಬೈಲ್ ಬಣ್ಣದ ಹಂಡೇದಾಗ ಬಿದ್ದಾಗ ಅಕ್ಕಿಯೊಳಗ ಹುಗದಿಟ್ಟಿದ್ದೆ. ಜಲ್ದಿ ಅಕ್ಕಿ ತಾ."

"ಅಕ್ಕಿ ಇಲ್ರೀ, ಜ್ವಾಳ ಐತಿ," ಅಂದವಳೇ ಬನಶಂಕರೆವ್ವ ಪೆನ್‌ಡ್ರೈವನ್ನು ಜೋಳದ ಚೀಲದೊಳಗೆ ತುರುಕಿದಳು. ಅದು ಸರ್ರನೆ ತಳ ಸೇರಿತು. ಆಮೇಲೆ ಚೀಲವನ್ನೇ ಅಂಗಳಕ್ಕೆ ಸುರುವಿ, ಮೂವರೂ ಕುಕ್ಕರುಗಾಲಲ್ಲಿ ಕೂತು ಹುಡುಕಿದರು. ಓಣಿಯ ಕೋಳಿಗಳಿಗೆ ಹಬ್ಬ. ಪೆನ್‌ಡ್ರೈವ್ ಸಿಕ್ಕಿತು, ಫೈಲು ತೆರೆಯಲಿಲ್ಲ.

ಖಬರು ತಿಳಿದು ಪಾಂಡಪ್ಪ ಓಡಿ ಬಂದ. ಫೈಲಿನ ಹೆಸರು ನೋಡಿ ತಲೆ ಕೊಡವಿದ.

"ಬರೇ 'ನವಿಲು' ಅಂತ ಇಟ್ಟೀಯಲ್ಲಲೇ, ಮ್ಯಾಲೆ .xlsx ಅಂತ ಬಾಲಂಗೋಚಿ ಬ್ಯಾರೆ. ಹೆಂಗ ತೆರೀತೈತಿ? ಮದ್ಲ ದೇವರ ಹೆಸರು ಹಾಕು." ಅವನೇ ಕೀಲಿಮಣೆ ಎಳೆದುಕೊಂಡು ಹಳೆಯ ಹೆಸರನ್ನು ಬಾಲ ಸಮೇತ ಅಳಿಸಿ 'ಶ್ರೀ ಬನಶಂಕರಿ ಪ್ರಸನ್ನ' ಅಂತ ಬಡಿದ. ಅಲ್ಲಿಯವರೆಗೆ ಎಕ್ಸೆಲ್ಲಿಗಾದರೂ ಅದು ತನ್ನ ಫೈಲೆಂದು ಗೊತ್ತಿತ್ತು. ಈಗ ಅದೂ ಕೈ ತೊಳೆದುಕೊಂಡಿತು.

"ಮೇಡಂ ಅರ್ಧ ದಾರಿ ದಾಟ್ಯಾರಂತ," ಅಂದ ಪಾಂಡಪ್ಪ ಫೋನು ನೋಡಿ. "ನಾ ಸೊಸೈಟ್ಯಾಗ ಇರ್ತೀನಿ. ನೀ ಏನರ ಮಾಡು, ತೆರದ ತಗೊಂಡು ಬಾ."

ಲ್ಯಾಪ್‌ಟಾಪು ಕಂಕುಳಲ್ಲಿಟ್ಟು, ಕರೀಮಸಾಬನ ಗಾಡಿ ಹತ್ತಿ ಸುನಿಲ ಗದಗಿನ ಬಸ್‌ಸ್ಟ್ಯಾಂಡ್ ಹತ್ತಿರದ ಅನೀಸನ ಕಂಪ್ಯೂಟರ್ ಅಂಗಡಿಗೆ ಬಂದ. ಅನೀಸ ಶಾಲೆಯ ಗೆಳೆಯ. ಪೆನ್‌ಡ್ರೈವಿನ ಸಂದಿಯಿಂದ ಒಂದು ಜೋಳದ ಕಾಳು ಉದುರಿದ್ದನ್ನು ಊದಿ ಹಾರಿಸಿದ. ಹೆಸರಿಗೆ ಬಾಲ ಮತ್ತೆ ಹಚ್ಚಿದ, ರಿಪೇರಿ ಗುಂಡಿ ಒತ್ತಿದ. ಸುನಿಲ ಒಮ್ಮೆ ಕೂತ, ಒಮ್ಮೆ ಎದ್ದ, ಅಂಗಡಿಯ ಬಾಗಿಲಿಗೆ ಹೋಗಿ ಬಂದ, ಉಗುರು ಕಡಿದ.

"ತೆರೀತು ನೋಡಲೇ!" ಅನೀಸ ತೊಡೆ ತಟ್ಟಿದ. "ಫೈಲ್ ಒಳಗಿನ ಹೊಲಸು ಬಣ್ಣಗಿಣ್ಣ ಎಲ್ಲಾ ತಗದು ಸ್ವಚ್ಛ ಮಾಡೇತಿ. ಒಂದ ಒಂದು ಅಕ್ಷರಾನೂ ಹೋಗಿಲ್ಲ!"

"ಅಕ್ಷರ ಎಲ್ಲಿತ್ತಲೇ ಅದರಾಗ? ಬರೇ ಬಣ್ಣನ ಇತ್ತು!"

ಪರದೆಯ ತುಂಬ ಬಿಳಿ ಚೌಕಗಳು. ನವಿಲು ಹಾರಿಹೋಗಿತ್ತು, ಒಂದು ಗರಿಯನ್ನೂ ಬಿಡದೆ. ಸುನಿಲನಿಗೆ ಅಳು ಬಂತು, ಅಲ್ಲೇ ಅತ್ತ. ಅನೀಸ ದುಡ್ಡು ಬೇಡ ಅಂದ.

ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಷ್ಯ. ಮೇಡಂ ಕಾಲಿಗೆ ಬಿದ್ದು ಮುಂದಿನ ತಿಂಗಳಿಗೆ ವಾಯಿದೆ ಕೇಳುವುದು ಅಂತ ನಿಶ್ಚೈಸಿ ಅವನು ಸೊಸೈಟಿ ಮೆಟ್ಟಿಲು ಹತ್ತಿದ. ಬಾಯಿ ತೆರೆಯುವ ಮೊದಲೇ ಪಾಂಡಪ್ಪ ಲ್ಯಾಪ್‌ಟಾಪ್ ಕಸಿದು, ಬಿಚ್ಚಿ, ಮೇಡಂ ಕಡೆ ತಿರುಗಿಸಿದ.

ಮೇಘಾ ಮೇಡಂ ನೋಡಿದರು. ಕನ್ನಡಕ ಏರಿಸಿ ಮತ್ತೆ ನೋಡಿದರು.

"ಯಾವ ಊರಿಗೆ ಹೋದ್ರೂ ನವಿಲು ತೋರಸ್ತಾರ್ರೀ," ಅಂದರು ಮೇಡಂ. "ನವಿಲು ನೋಡಿ ನೋಡಿ ನನ್ನ ಕಣ್ಣು ಬ್ಯಾನಿ ಆಗ್ಯಾವ. ಇದನ್ನ ನೋಡ್ರಿ! ಬಿಳಿ ಮ್ಯಾಲೆ ಎಳಿ ಬೂದಿ ಬಣ್ಣದ ಸಣ್ಣ ಚೌಕಡಿ. ಏನು ಸಮಾಧಾನ! ನನಗ ಇದ ಬೇಕು."

"ಮೇಡಂ, ಖರೆ ಅಂದ್ರ ಅದು..." ಅನ್ನುವಷ್ಟರಲ್ಲಿ ಪಾಂಡಪ್ಪ ಅವನ ಕಾಲು ತುಳಿದ. ಆರ್ಡರು ಪಕ್ಕಾ ಆಯಿತು, ಚಹಾ ಬಂತು. ಪಾಂಡಪ್ಪ ಆಗಲೇ ಫ್ಯಾನಿನ ಬುಡಕ್ಕೆ ಕುರ್ಚಿ ಎಳೆದು, ಹೆಗಲ ಮೇಲಿನ ವಲ್ಲಿಯಿಂದ ಧೂಳು ಹೊಡೆದ. "ಕುಂಡ್ರೋ ಡಿಸೈನರ!" ಸುನಿಲ ಕೂತ. ಫ್ಯಾನಿನ ಗಾಳಿ ನೆತ್ತಿಗೆ ಬಡಿದಾಗ ಅವನಿಗೆ ನವಿಲು ಹೋದದ್ದೂ ಮರೆತುಹೋಯಿತು.

ಕಾರಿನ ತನಕ ಹೋದ ಮೇಡಂ ತಿರುಗಿ ಬಂದರು.

"ಒಂದ ಶರ್ತು ಪಾಂಡಪ್ಪನವರ. ಇಷ್ಟು ನೆಟ್ಟಗಿನ ಗೆರಿ ನಾ ಎಲ್ಲೂ ನೋಡಿಲ್ಲ. ಇಂಥಾ ಕೈ ಸಿಗೂದು ಅಪರೂಪ. ಇಡೀ ಆರ್ಡರ ಇವರೊಬ್ಬರ ನೇಯಬೇಕು, ಬ್ಯಾರೆಯವರು ಮುಟ್ಟಬಾರದು. ಅದೂ ಕುಣಿಮಗ್ಗದಾಗ. ಚೊಲೊ ಬಂದ್ರ ವರ್ಷಾ ವರ್ಷಾ ಇದನ್ನ ತಗೋತೀನಿ."

"ನೇಯ್ತಾನ್ರೀ, ಯಾಕ ನೇಯಂಗಿಲ್ಲ!" ಅಂದ ಪಾಂಡಪ್ಪ.

"ಕಾಕಾ, ಮತ್ತ ನನ್ನ ಕುರ್ಚಿ?"

"ಕುರ್ಚಿ ಎಲ್ಲಿ ಓಡಿ ಹೊಕ್ಕೈತಿ? ನಿಂದ ಐತಿ. ಆರ್ಡರ ಮುಗದ ಮ್ಯಾಲೆ ಬಂದು ಕುಂಡ್ರು."

ಸಂಜೆಗೆಲ್ಲ ಸುನಿಲಕುಮಾರ ಅಪ್ಪನ ಮಗ್ಗದ ಕುಣಿಯೊಳಗೆ ಒಂದೊಂದೇ ಕಾಲು ಇಳಿಸುತ್ತಿದ್ದ. ಪಕ್ಕದ ಮಗ್ಗದಿಂದ ಬನಶಂಕರೆವ್ವ ಲಾಳಿ ನಿಲ್ಲಿಸದೆಯೇ ಹೇಳಿದಳು:

"ಸರಿಯಾಗಿ ಕುಂಡ್ರೋ ಡಿಸೈನರ, ಗೆರಿ ಸೊಟ್ಟ ಆದೀತು."